ತುರಿಕೆಗೆ ಹಚ್ಚುವ ಮದ್ದುಗಳು

ನೋಡುವವರಿಗೆ ತುರಿಕೆ ಅಲ್ಪವಾದ ಬೇನೆ; ಅನುಭವಿಸುವವರಿಗೆ ಅದು ದುಸ್ಸಹ. ಕೆರೆದರೆ ಕ್ಷಣಕಾಲ ಹಿತವೆನಿಸುತ್ತದೆ. ಅನಂತರ ಚರ್ಮವು ಗಾಯಗೊಂಡು ತುರಿಕೆ ಇಮ್ಮಡಿಸುತ್ತದೆ. ಇರುಳೆಲ್ಲ ನಿದ್ರೆಗೆಟ್ಟವರು ಬೆಳಗಾದೊಡನೆ ಔಷಧದ ಅಂಗಡಿಗೆ ಹೋಗಿ ‘ತುರಿಕೆಗೆ ಒಂದು ಮುಲಾಮು ಕೊಡಿ’ ಎಂದು ಕೇಳುವುದು ಸಹಜವೇ. ಆದರೆ ತುರಿಕೆಯೆಂಬುದು ರೋಗವಲ್ಲ, ರೋಗದ ಲಕ್ಷಣ. ಒಂದು ತುರಿಕೆಗೆ ಮದ್ದಾದುದು ಇನ್ನೊಂದಕ್ಕೆ ಮೇವಾಗಬಹುದು. ಈ ಮಾತನ್ನು ನಮ್ಮ ಜನರಿಗೆ ಪರಿಚಿತವಾದ ಇಸಬು, ಕಜ್ಜಿ, ಗಜಕರ್ಣ ಎಂಬ ಮೂರು ರೋಗಗಳಿಂದ ವಿವರಿಸಲು ಬಯಸುತ್ತೇವೆ.

ಇಸಬಿನಲ್ಲಿ ಚರ್ಮವು ಒಣಗಿ, ಉರಿಗೊಂಡು, ಬಿರಿಯುತ್ತದೆ. ಇದಕ್ಕೆ ಸ್ಟಿರಾಯ್ಡ್ ಲೇಪವು ಪರಮೋಪಕಾರಿ. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಲೇಪಿಸಿ ಅದರ ಗುಣವನ್ನು ಪ್ರಕಟಿಸಿದರು. ಅನಂತರ ಬಂದ ಕ್ಲೊಬೆಟಸಾಲ್ ಅದಕ್ಕಿಂತ ನೂರಾರು ಪಾಲು ಪ್ರಬಲವಾದುದು. ಆದಕಾರಣ ಯಾವ ಭಾಗಕ್ಕೆ ಯಾವ ಬಲದ್ದು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಅಂಗೈಯ ದಪ್ಪ ಚರ್ಮ ತಾಳುವುದನ್ನು ಮುಖದ ಕೋಮಲ ಚರ್ಮ ತಾಳಲಾರದು. ಅದು ತೆಳುವಾಗಿ ರಕ್ತನಾಳಗಳು ಎದ್ದು ಕಾಣತೊಡಗುತ್ತವೆ. ಮುಖ, ಕಣ್ಣೆವೆಗಳಂಥ ಸ್ಥಳಗಳಿಗೆ ಟ್ಯಾಕ್ರೊಲಿಮಸ್ ಎಂಬ ಬೇರೊಂದು ಲೇಪವುಂಟು. ಅದು ಮೊದಮೊದಲು ಉರಿದರೂ ಚರ್ಮವನ್ನು ತೆಳುಮಾಡುವುದಿಲ್ಲ. ಪ್ರಮಾಣಕ್ಕೂ ಒಂದು ಸುಲಭವಾದ ಅಳತೆಯಿದೆ: ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಕೊಳವೆಯಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ವಯಸ್ಕರ ಎರಡು ಹಸ್ತಗಳಷ್ಟು ಚರ್ಮಕ್ಕೆ ಸಾಕು.

ಕಜ್ಜಿಯ ಕಾರಣ ಬೇರೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವೊಂದು ಚರ್ಮದಲ್ಲಿ ಬಿಲ ತೋಡಿ ಮೊಟ್ಟೆಯಿಡುವುದೇ ಇದರ ಮೂಲ. 1687ರಷ್ಟು ಹಿಂದೆಯೇ ಇಟಲಿಯ ಬೊನೊಮೊ ಇದನ್ನು ಸೂಕ್ಷ್ಮದರ್ಶಕದಿಂದ ಕಂಡು ವರ್ಣಿಸಿದ್ದನು. ಇರುಳಿನಲ್ಲಿ ಹೆಚ್ಚುವ ತುರಿಕೆ, ಬೆರಳುಗಳ ಸಂದಿಯಲ್ಲಿ ಗುಳ್ಳೆ, ಮನೆಯ ಹಲವರಿಗೆ ಏಕಕಾಲದಲ್ಲಿ ಬೇನೆ: ಇವು ಇದರ ಗುರುತುಗಳು. 5 ಶೇಕಡ ಪರ್ಮೆಥ್ರಿನ್ ಲೇಪವನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆದು, ವಾರದ ಮೇಲೆ ಮತ್ತೊಮ್ಮೆ ಹಚ್ಚುವುದು ವಾಡಿಕೆ. ತುರಿಕೆಯಿಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು; ಏಕೆಂದರೆ ಹುಳು ತಗಲಿದ ಮೇಲೆ ಮೊದಲ ಸಲ ತುರಿಕೆ ತೋರಲು ಹಲವು ವಾರಗಳು ಹಿಡಿಯುತ್ತವೆ. ಹುಳು ಸತ್ತ ಮೇಲೆಯೂ ಎರಡು ಮೂರು ವಾರ ತುರಿಕೆ ಉಳಿಯಬಹುದು. ಅದನ್ನು ಕಂಡು ಗಾಬರಿಗೊಂಡು ಮದ್ದನ್ನು ಮೇಲಿಂದ ಮೇಲೆ ಹಚ್ಚಬಾರದು.

ಇನ್ನು ಗಜಕರ್ಣ. ಇದು ಶಿಲೀಂಧ್ರದ ಸೋಂಕು. ಅಪಾಯವಿರುವುದು ವಿಶೇಷವಾಗಿ ಇಲ್ಲಿಯೇ. ಇದಕ್ಕೆ ಸ್ಟಿರಾಯ್ಡ್ ಹಚ್ಚಿದರೆ ಎರಡೇ ದಿನದಲ್ಲಿ ಕೆಂಪು ಇಳಿದು ತುರಿಕೆ ಅಡಗಬಹುದು. ರೋಗಿಯು ಸಂತೋಷಪಡುತ್ತಾನೆ. ವಾಸ್ತವದಲ್ಲಿ ಅಡಗಿದ್ದು ರೋಗವಲ್ಲ, ರೋಗದೊಡನೆ ಹೋರಾಡುತ್ತಿದ್ದ ಚರ್ಮದ ಶಕ್ತಿ. ಕಾವಲುಗಾರನನ್ನು ಮಲಗಿಸಿದ ಮನೆಯಲ್ಲಿ ಕಳ್ಳನು ನಿರಾತಂಕವಾಗಿ ಸಂಚರಿಸುವಂತೆ ಶಿಲೀಂಧ್ರವು ಹಬ್ಬುತ್ತದೆ. ಲೇಪ ನಿಲ್ಲಿಸಿದೊಡನೆ ತುರಿಕೆ ಮರಳುತ್ತದೆ. ರೋಗಿಯು ಮತ್ತೆ ಅದನ್ನೇ ಹಚ್ಚುತ್ತಾನೆ. ಉಂಗುರದಂಥ ಗುರುತು ಕದಡಿಹೋಗಿ ವೈದ್ಯರಿಗೂ ರೋಗ ತಿಳಿಯದಂತಾಗುತ್ತದೆ. ಈ ವೇಷಾಂತರವನ್ನು 1968ರಲ್ಲಿ ಐವ್ ಮತ್ತು ಮಾರ್ಕ್ಸ್ ಎಂಬ ವೈದ್ಯರು ವರ್ಣಿಸಿದರು. ನಮ್ಮ ದೇಶದಲ್ಲಿ ಸ್ಟಿರಾಯ್ಡನ್ನು ಶಿಲೀಂಧ್ರನಾಶಕದೊಡನೆ ಬೆರೆಸಿದ ಮುಲಾಮುಗಳು ಸುಲಭವಾಗಿ ದೊರೆತುದರಿಂದ ಈ ಪಿಡುಗು ಬೆಳೆಯಿತು. 2018ರಲ್ಲಿ ಭಾರತ ಸರ್ಕಾರವು ಹಲವು ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕೆಂದು ವಿಧಿಸಿತು. ಕಾಯಿದೆಯನ್ನು ಸಾರ್ಥಕಗೊಳಿಸುವುದು ಕೊಳ್ಳುವವರ ವಿವೇಕ.

ಚರ್ಮದಲ್ಲಿ ಏನೂ ಕಾಣದೆ ಮೈಯೆಲ್ಲ ತುರಿಸಿದರೆ ಯಕೃತ್ತು, ಮೂತ್ರಪಿಂಡ ಮೊದಲಾದವುಗಳ ದೋಷವೂ ಇರಬಹುದು. ಅಲ್ಲಿ ಮುಲಾಮಿನಿಂದ ಹೆಚ್ಚು ಪ್ರಯೋಜನವಿಲ್ಲ. ವೈದ್ಯರನ್ನು ಕಾಣುವವರೆಗೆ ತಣ್ಣೀರಿನ ಬಟ್ಟೆ, ಕ್ಯಾಲಮೈನ್ ದ್ರವ, ಕತ್ತರಿಸಿದ ಉಗುರು, ಇಷ್ಟರಿಂದಲೇ ಸಮಾಧಾನ ತಂದುಕೊಳ್ಳಬಹುದು. ನೆರೆಮನೆಯವರಿಗೆ ಗುಣ ತೋರಿದ ಕೊಳವೆಯನ್ನು ಎರವಲು ತರುವ ಮೊದಲು, ಅವರ ತುರಿಕೆಯೂ ನಮ್ಮ ತುರಿಕೆಯೂ ಒಂದೇ ಹೌದೋ ಎಂದು ಕೇಳಿಕೊಳ್ಳುವುದು ಲೇಸು.