ಚಳಿಗೆ ಏಳದ ಹಳೇ ಕಾರು: ಕಾರ್ಬುರೇಟರ್ ಸ್ಕ್ರೂ ಮುಟ್ಟೋ ಮೊದಲು

ಡಿಸೆಂಬರ್ ಬಂತು ಅಂದ್ರೆ ಹಳೇ ಕಾರು ಇಟ್ಟುಕೊಂಡವರ ಪ್ರಶ್ನೆ ಒಂದೇ: "ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ, ಆದ್ರೂ ನಿಲ್ಲಲ್ಲ. ಕಾರ್ಬುರೇಟರ್ ಬದಲಾಯಿಸಬೇಕಾ?" ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್, 2000ಕ್ಕಿಂತ ಹಿಂದಿನ ಮಾರುತಿ 800, ಹೀಗೆ ಚೋಕ್ ಎಳೆಯೋ ಗುಂಡಿ ಇರೋ ಕಾರು ನಿಮ್ಮದಾದ್ರೆ ಇವತ್ತಿನ ಮಾತು ನಿಮಗೇ.

ದೆಹಲಿಯವರು ನಗಬಹುದು, ಆದ್ರೆ ಇಲ್ಲಿ ಪುಣೆಯಲ್ಲೂ ಜನವರಿ ಬೆಳಿಗ್ಗೆ 10 ಡಿಗ್ರಿಗಿಂತ ಕೆಳಗೆ ಇಳಿಯೋದುಂಟು. ಸೊರಗಿದ ಎಂಜಿನ್ನಿಗೆ ಅಷ್ಟು ಚಳಿ ಸಾಕು. ಯಾಕೆ ಅಂದ್ರೆ, ಉರಿಯೋದು ದ್ರವರೂಪದ ಪೆಟ್ರೋಲ್ ಅಲ್ಲ, ಅದರ ಆವಿ. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ. ಅರ್ಧಕ್ಕರ್ಧ ಹನಿಯಾಗಿ ಮ್ಯಾನಿಫೋಲ್ಡಿನ ಒಳಗೋಡೆಗೆ ಅಂಟಿಕೊಳ್ಳುತ್ತೆ. ಆ ಕೊರತೆ ತುಂಬೋದಕ್ಕೇ ಚೋಕ್ ಇರೋದು. ಹೆಚ್ಚಿನ ಗಾಡಿಗಳಲ್ಲಿ ಅದು ಗಾಳಿಯ ದಾರಿಗೆ ಅಡ್ಡ ನಿಲ್ಲೋ ಒಂದು ತಗಡು. ಕೆಲವು ಸೋಲೆಕ್ಸ್ ಕಾರ್ಬುರೇಟರ್‌ಗಳಲ್ಲಿ ತಗಡಿನ ಬದಲು ಹೆಚ್ಚುವರಿ ಪೆಟ್ರೋಲಿಗೆ ಬೇರೆ ದಾರಿಯೇ ಇರುತ್ತೆ.

ಈಗ ಮುಖ್ಯ ವಿಷಯ. ಗಾಡಿ ತಕರಾರು ಮಾಡಿದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಮಿಕ್ಸ್ಚರ್ ಸ್ಕ್ರೂ ತಿರುಗಿಸೋದು ನಮ್ಮಲ್ಲಿ ರೂಢಿ. ಪೆಟ್ರೋಲ್ ಜಾಸ್ತಿ ಕೊಟ್ಟಾಗ ಗಾಡಿ ಅವತ್ತಿಗೆ ನಡೆಯುತ್ತೆ, ನಿಜವಾದ ತೊಂದರೆ ಮುಚ್ಚಿಹೋಗುತ್ತೆ. ಮಾರ್ಚ್ ಬಿಸಿಲಿಗೆ ಕಪ್ಪು ಹೊಗೆ, ಮೈಲೇಜ್ ಇಲ್ಲ, ಪಿಯುಸಿ ಫೇಲ್. ಆಮೇಲೆ ಯಾರೋ ಬಂದು "ಇದರ ಕಾಲ ಮುಗೀತು, ಭಂಗಾರಿಗೆ ಹಾಕಿ" ಅಂತಾರೆ. ಒಂದು ರಬ್ಬರ್ ಪೈಪ್ ಬದಲಾಯಿಸಿದ್ರೆ ಉಳೀತಿದ್ದ ಗಾಡಿಗಳು ಹೀಗೇ ಗುಜರಿ ಸೇರ್ತಿವೆ. ಅದಕ್ಕೇ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಗಾಡಿ ಯಾವ ಹಂತದಲ್ಲಿ ಕೈಕೊಡ್ತಿದೆ?

ಮೊದಲ ಹಂತ, ಸೆಲ್ಫ್ ಹೊಡೆದಾಗಲೇ ಎಂಜಿನ್ ಭಾರವಾಗಿ ತಿರುಗೋದು. ಇದಕ್ಕೂ ಕಾರ್ಬುರೇಟರ್‌ಗೂ ಸಂಬಂಧ ಇಲ್ಲ. ಚಳಿಗೆ ಬ್ಯಾಟರಿಯ ಬಲ ಕುಗ್ಗುತ್ತೆ, ಎಂಜಿನ್ ಆಯಿಲ್ ದಪ್ಪಗಾಗುತ್ತೆ. ರಾತ್ರಿಯೆಲ್ಲಾ ನಿಂತ ಗಾಡಿಯ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್; 12.2 ಅಂದ್ರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋದ್ರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್, ಅರ್ತ್ ವೈರ್ ಸಡಿಲ ಇದೆ. ವೋಲ್ಟೇಜ್ ಬಿದ್ದಾಗ ಕಾಯಿಲ್‌ಗೂ ಕರೆಂಟ್ ಸಾಲಲ್ಲ, ಕಿಡಿ ಸೊರಗುತ್ತೆ.

ಎರಡನೇ ಹಂತ, ಎಂಜಿನ್ ಚುರುಕಾಗಿ ತಿರುಗುತ್ತೆ, ಆದ್ರೆ ಹತ್ತಿಕೊಳ್ಳಲ್ಲ. ಒಂದು ಪ್ಲಗ್ ಬಿಚ್ಚಿ ನೋಡಿ. ಪೆಟ್ರೋಲಲ್ಲಿ ಒದ್ದೆಯಾಗಿದ್ರೆ ಪೆಟ್ರೋಲ್ ಬರ್ತಿದೆ, ಕಿಡಿ ಸಾಲ್ತಿಲ್ಲ, ಅಥವಾ ಓವರ್‌ಫ್ಲೋ ಆಗಿದೆ. ಆಗ ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರ್ ಪಂಪ್ ಮಾಡದೆ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ. ಜೊತೆಗೆ ಮೆಕ್ಯಾನಿಕ್‌ಗಳು ಡೆಲ್ಕೋ ಅನ್ನೋ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸಿ, ಪಾಯಿಂಟ್ ಸುಟ್ಟಿದೆಯಾ ನೋಡಿ. ಇಬ್ಬನಿಯ ತೇವಕ್ಕೇ ಕಿಡಿ ದಾರಿ ತಪ್ಪೋದುಂಟು.

ಪ್ಲಗ್ ಒಣಗಿದ್ರೆ ಪೆಟ್ರೋಲ್ ಬರ್ತಿಲ್ಲ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಫ್ಲೋಟ್ ಚೇಂಬರಿನ ಪೆಟ್ರೋಲ್ ಆರಿಹೋಗಿರುತ್ತೆ. ಎಂಜಿನ್ ತಿರುಗಿದಾಗಲೇ ಕೆಲಸ ಮಾಡೋ ಪಂಪ್ ಅದನ್ನ ಮತ್ತೆ ತುಂಬಿಸೋಕೆ ಹೊತ್ತು ಬೇಕು. ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮ ಸೆಲ್ಫ್ ಹೊಡೀಬೇಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. ಆಮೇಲೆ ಏರ್ ಫಿಲ್ಟರ್ ತೆಗೆದು, ಮನೆಯವರಿಗೆ ಚೋಕ್ ಎಳೆಯೋಕೆ ಹೇಳಿ ನೀವು ಕಾರ್ಬುರೇಟರ್ ಹತ್ರ ನಿಂತು ನೋಡಿ. ತಗಡು ಪೂರ್ತಿ ಮುಚ್ಚುತ್ತಾ? ಎಷ್ಟೋ ಸಲ ಕೇಬಲ್ ಜಾರಿ ಮುಕ್ಕಾಲು ಮಾತ್ರ ಮುಚ್ಚಿರುತ್ತೆ.

ಮೂರನೇ ಹಂತ, ಸ್ಟಾರ್ಟ್ ಆಗುತ್ತೆ, ಚೋಕ್ ಒಳಗೆ ತಳ್ಳಿದ ಕೂಡಲೇ ಆಫ್. ಒಂದೆರಡು ನಿಮಿಷ ಹೀಗಾದ್ರೆ ಸಹಜ, ಚೋಕ್ ಸ್ವಲ್ಪ ಸ್ವಲ್ಪವೇ ತಳ್ಳಬೇಕು. ಎಂಜಿನ್ ಬಿಸಿಯಾದ ಮೇಲೂ ಹೀಗೇ ಆದ್ರೆ ಎಲ್ಲೋ ಕಳ್ಳಗಾಳಿ ಸೇರ್ತಿದೆ. ಕಾರ್ಬುರೇಟರ್ ಕೆಳಗಿನ ಗ್ಯಾಸ್ಕೆಟ್, ವ್ಯಾಕ್ಯೂಮ್ ಪೈಪು, ಬ್ರೇಕ್ ಬೂಸ್ಟರ್ ಪೈಪು ಪರೀಕ್ಷಿಸಿ. ಡೆಲ್ಕೋ, ಕಾಯಿಲ್ ಕಡೆ ಹಾರದ ಹಾಗೆ ಜೋಡಣೆಗಳ ಮೇಲೆ ಸ್ಪ್ರೇ ಬಾಟಲಿಯಿಂದ ತುಸು ನೀರು ಚಿಮುಕಿಸಿ. ಎಂಜಿನ್ ಸದ್ದು ಎಲ್ಲಿ ಬದಲಾಗುತ್ತೋ ಅಲ್ಲೇ ಲೀಕ್. ಲೀಕ್ ಇಲ್ಲದಿದ್ರೆ ಐಡಲ್ ಜೆಟ್ ಕಟ್ಟಿಕೊಂಡಿರಬಹುದು. ಅದನ್ನ ಗಾಳಿ ಊದಿ ಸ್ವಚ್ಛ ಮಾಡಿ. ತಂತಿ ಹಾಕಿದ್ರೆ ತೂತು ದೊಡ್ಡದಾಗುತ್ತೆ.

ಇಲ್ಲೇ ಈಗಿನ ಪೆಟ್ರೋಲಿನ ಮಾತೂ ಬರುತ್ತೆ. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇ20, ಅಂದ್ರೆ 20% ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾಯ್ತು. ಎಥನಾಲ್ ಆವಿಯಾಗೋಕೆ ಅಷ್ಟೇ ತೂಕದ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ಉರಿಯೋಕೆ ಗಾಳಿ ಕಡಿಮೆ ಸಾಕು. ನಮ್ಮ ಹಳೇ ಜೆಟ್‌ಗಳು ಎಥನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದವು. ಇಂಜೆಕ್ಷನ್ ಗಾಡಿಯ ಕಂಪ್ಯೂಟರಿನ ಹಾಗೆ ಅವು ತಾವೇ ಲೆಕ್ಕ ಬದಲಿಸಲ್ಲ. ಹಾಗಾಗಿ ಮಿಶ್ರಣ ತೆಳುವಾಗುತ್ತೆ, ಅದೂ ಚಳಿಯಲ್ಲಿ ಎದ್ದು ಕಾಣುತ್ತೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಕೂಡ ಎಥನಾಲ್‌ಗೆ ಉಬ್ಬಿ ಬಿರುಕು ಬಿಡಬಹುದು. ಎಥನಾಲ್ ತಾಳೋ ಪೈಪು ಹಾಕಿಸಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬೇಡಿ, ಎಥನಾಲ್ ಗಾಳಿಯ ತೇವ ಹೀರುತ್ತೆ.

ನಾಲ್ಕನೇ ಹಂತ, ಸ್ಟಾರ್ಟ್ ಆಗಿ ಚೆನ್ನಾಗಿ ಓಡಿ, ಸ್ವಲ್ಪ ಹೊತ್ತಿನ ಮೇಲೆ ಸಿಗ್ನಲ್ಲಲ್ಲಿ ಆಫ್ ಆಗೋದು. ತೇವದ ಚಳಿಗಾಳಿಯಲ್ಲಿ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟೋದುಂಟು, ಏಕೆಂದರೆ ಪೆಟ್ರೋಲ್ ಆವಿಯಾಗ್ತಾ ಸುತ್ತಲಿನ ಶಾಖ ಎಳ್ಕೊಳ್ಳುತ್ತೆ. ಐದು ನಿಮಿಷ ನಿಲ್ಲಿಸಿದ್ರೆ ಎಂಜಿನ್ ಶಾಖಕ್ಕೇ ಕರಗಿ ಗಾಡಿ ಸರಿಹೋಗುತ್ತೆ. ಕೆಲವು ಗಾಡಿಗಳ ಏರ್ ಫಿಲ್ಟರ್ ಡಬ್ಬಿಯಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಬೇರೆ ಬೇರೆ ಗುರುತು ಇರುತ್ತೆ. ಅದನ್ನ ಚಳಿಗಾಲಕ್ಕೆ ತಿರುಗಿಸಿದ್ರೆ ಎಕ್ಸಾಸ್ಟ್ ಪಕ್ಕದ ಬಿಸಿಗಾಳಿ ಒಳಗೆ ಬರುತ್ತೆ.

ಇಷ್ಟೆಲ್ಲಾ ಸರಿ ಇದ್ದ ಮೇಲೆ ಮಾತ್ರ ಮಿಕ್ಸ್ಚರ್ ಸ್ಕ್ರೂ. ಮೊದಲು ಸುತ್ತು ಎಣಿಸ್ತಾ ಹಗುರವಾಗಿ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಅಂತ ಬರೆದಿಡಿ, ಅಷ್ಟೇ ಹೊರಗೆ ತನ್ನಿ. ಎಂಜಿನ್ ಬಿಸಿಯಾದ ಮೇಲೆ, ಚೋಕ್ ಪೂರ್ತಿ ಒಳಗಿದ್ದಾಗ, ಕಾಲು ಕಾಲು ಸುತ್ತು ಬದಲಿಸಿ ನೋಡಿ. ತಣ್ಣಗಿನ ಎಂಜಿನ್ನಿಗೆ ಹೊಂದಿಸಿದ್ದು ಬಿಸಿಯಾದಾಗ ತಪ್ಪಾಗಿಯೇ ಇರುತ್ತೆ.

ಕೊನೆಗೆ ಎರಡು ಎಚ್ಚರಿಕೆ, ಇವು ಪ್ರಾಣದ ವಿಷಯ. ಮುಚ್ಚಿದ ಗ್ಯಾರೇಜಲ್ಲಿ, ಬೇಸ್‌ಮೆಂಟಲ್ಲಿ ಗಾಡಿ ಬಿಸಿ ಮಾಡಬೇಡಿ. ಚೋಕ್ ಎಳೆದ ಎಂಜಿನ್ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಬಿಡುತ್ತೆ, ಅದಕ್ಕೆ ವಾಸನೆ ಇಲ್ಲ. ಇನ್ನೊಂದು, ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯೋದು ಬೇಡ. ಬ್ಯಾಕ್‌ಫೈರ್ ಆದ್ರೆ ಬೆಂಕಿ ಬರೋದು ಅದೇ ಬಾಯಿಂದ, ಬಗ್ಗಿ ನೋಡ್ತಿರೋರ ಮುಖಕ್ಕೆ.

ಪ್ರಶ್ನೆ ಇದ್ದರೆ ಬರೆಯಿರಿ. ಗಾಡಿ ಯಾವುದು, ಯಾವ ಹಂತದಲ್ಲಿ ಕೈಕೊಡುತ್ತೆ, ಬಿಚ್ಚಿದ ಪ್ಲಗ್ ಹೇಗಿತ್ತು, ಈ ಮೂರೂ ತಿಳಿಸಿದ್ರೆ ಉತ್ತರ ಹುಡುಕೋದು ಸುಲಭ.