ಲೋಹ ತಾಗಿದರೆ ತಾಳ

ಮನೆಯ ಕರೆಗಂಟೆಯ ಗುಂಡಿ ಒತ್ತಿದಾಗ ಏನಾಗುತ್ತದೆ? ತುಂಡಾಗಿದ್ದ ವಿದ್ಯುನ್ಮಂಡಲ ಪೂರ್ಣಗೊಂಡು ಗಂಟೆ ಸದ್ದು ಮಾಡುತ್ತದೆ. ಇಷ್ಟೇ ತತ್ತ್ವದಿಂದ ಒಂದು ವಾದ್ಯವೂ ಹುಟ್ಟಿದೆ ಎಂದರೆ ನಂಬುತ್ತೀರಾ?

ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದ ಕ್ರಾಫ್ಟ್‌ವರ್ಕ್ ಎಂಬ ಇಲೆಕ್ಟ್ರಾನಿಕ್ ಸಂಗೀತ ತಂಡವನ್ನು 1973ರಲ್ಲಿ ವುಲ್ಫ್‌ಗಾಂಗ್ ಫ್ಲೂರ್ ಸೇರಿದರು. ವೇದಿಕೆಯಲ್ಲಿ ಅವರ ಮುಂದೆ ಡ್ರಮ್ಮುಗಳ ಬದಲು ಲೋಹದ ತಗಡುಗಳನ್ನು ಕೂರಿಸಿದ ಹಲಗೆಯೊಂದಿತ್ತು. ಕೈಯಲ್ಲಿ ತಂತಿ ಜೋಡಿಸಿದ ಲೋಹದ ಕಡ್ಡಿಗಳು. ಕಡ್ಡಿ ತಗಡಿಗೆ ತಾಗಿದೊಡನೆ ಮಂಡಲ ಪೂರ್ಣವಾಗಿ ಡ್ರಮ್ಮಿನಂಥ ಸದ್ದು ಹೊರಡುತ್ತಿತ್ತು. ಅಂಗಡಿಯಲ್ಲಿ ಸಿಗದ ಈ ವಾದ್ಯವನ್ನು ತಂಡದವರೇ ಕಟ್ಟಿಕೊಂಡಿದ್ದರು. 1975ರಲ್ಲಿ ಬಿಬಿಸಿಯ ‘ಟುಮಾರೋಸ್ ವರ್ಲ್ಡ್’ ವಿಜ್ಞಾನ ಕಾರ್ಯಕ್ರಮವು ಇದನ್ನು ವೀಕ್ಷಕರಿಗೆ ತೋರಿಸಿತು.

ಚರ್ಮವಾದ್ಯವನ್ನು ಮೆಲ್ಲಗೆ ತಟ್ಟಿದರೆ ಮೆಲುದನಿ, ಜೋರಾಗಿ ಬಡಿದರೆ ಗಟ್ಟಿ ದನಿ. ಈ ತಗಡಿಗೆ ಗೊತ್ತಾಗುವುದು ಕಡ್ಡಿ ಯಾವಾಗ ತಾಗಿತು ಎಂಬುದಷ್ಟೇ. ಎಷ್ಟು ಬಲದಿಂದ ಎಂಬುದಲ್ಲ. ಹಾಗಾದರೆ ವಾದಕನಿಗೆ ಉಳಿದದ್ದೇನು? ಕಾಲದ ಮೇಲಿನ ಹಿಡಿತ. ಅದು ತಪ್ಪಿದರೆ ಯಂತ್ರ ತಿದ್ದುತ್ತಿರಲಿಲ್ಲ.

ಯಂತ್ರ ಹೊರಡಿಸಿದ್ದು ಸಂಗೀತವೇ ಎಂದು ಕೇಳುವವರಿದ್ದಾರೆ. ಸದ್ದು ಯಂತ್ರದ್ದು, ನಿಜ; ತಾಳ ಮಾತ್ರ ಮನುಷ್ಯನದು. ಪ್ರಯೋಗಶಾಲೆಯಲ್ಲಿ ಮುಂದಿನ ಸಲ ಸ್ವಿಚ್ಚು ಒತ್ತುವಾಗ ಇದನ್ನು ನೆನೆಯಿರಿ.