ಕಾರಿಗೆ ರೋಲರ್ ಬಣ್ಣ: ಅಂಗಳದ ಕೆಲಸ, ಅಂಗಳದ ಧೂಳು



ಗೋಡೆಗೆ ಬಣ್ಣ ಹೊಡೆಯುವ ರೋಲರ್ ಹಿಡಿದು ಮನೆಯಂಗಳದಲ್ಲೇ ಕಾರಿಗೂ ಹೊಡೆಯಬಹುದು ಎಂದರೆ ನಗುವವರೇ ಹೆಚ್ಚು. ಕಾರಿನ ಬಣ್ಣವೆಂದರೆ ಕಂಪ್ರೆಸರ್, ಸ್ಪ್ರೇ ಗನ್ ಎಂದೇ ನಮ್ಮ ಲೆಕ್ಕ. ಆದರೆ ನಮ್ಮ ಕೂಡ್ಲಿಗಿ, ಹಡಗಲಿ ಸೀಮೆಯ ಬಂಡಿಗಳನ್ನು, ಟ್ರ್ಯಾಕ್ಟರ್ ಟ್ರೈಲರ್‌ಗಳನ್ನು ನೋಡಿ. ಮೈಲಾರದ ಕಾರಣಿಕಕ್ಕೋ ಕೊಟ್ಟೂರಿನ ತೇರಿಗೋ ಹೊರಡುವ ಬಂಡಿಗೆ ಬಣ್ಣ ಹತ್ತುವುದು ಬ್ರಷ್ಷಿನಿಂದ, ಮನೆಯ ಮುಂದೆಯೇ. ಗಾಲಿಯ ಮೇಲೆ ಓಡುವುದಕ್ಕೆ ಕೈಯಿಂದ ಬಣ್ಣ ಬಳಿಯುವುದೇ ಹಳೆಯ ಪದ್ಧತಿ.

ಅಮೆರಿಕದ ಮೊದಲ ಕಾರುಗಳಿಗೂ ಸಾರೋಟು ಕಟ್ಟುವವರಂತೆ ಬ್ರಷ್ಷಿನಿಂದಲೇ ವಾರ್ನಿಷ್ ಬಣ್ಣ ಬಳಿಯುತ್ತಿದ್ದರು. ಬಳಿಯುವುದು, ಒಣಗಿಸುವುದು, ಉಜ್ಜುವುದು, ಮತ್ತೆ ಬಳಿಯುವುದು. ಒಂದು ಕಾರಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಡ್ಯುಪಾಂಟ್ ಕಂಪನಿ ಬೇಗ ಒಣಗುವ 'ಡ್ಯೂಕೋ' ತಂದ ಮೇಲೆ ಸ್ಪ್ರೇ ಗನ್ನಿನ ಕಾಲ ಬಂತು. ನಮ್ಮ ಬಡಗಿಗಳು, ಪೇಂಟರುಗಳು ಇಂದಿಗೂ 'ಡುಕೋ' ಎನ್ನುವುದು ಆ ಹೆಸರನ್ನೇ.

ರೋಲರ್ ಕೆಲಸದ ಗುಟ್ಟು ತೆಳುವಾಗಿ ಬಳಿಯುವುದರಲ್ಲಿದೆ. ತುಕ್ಕು ಕೆರೆದು ಪ್ರೈಮರ್ ಹಾಕಿ, ಟರ್ಪೆಂಟೈನ್ ಬೆರೆಸಿದ ಇನಾಮಲ್ ಬಣ್ಣವನ್ನು ಸ್ಪಂಜಿನ ಸಣ್ಣ ರೋಲರ್‌ನಿಂದ ನಾಲ್ಕೈದು ಕೋಟ್ ಹೊಡೆಯಬೇಕು. ಇನಾಮಲ್ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿದು ಸುಕ್ಕಾಗುತ್ತದೆ. ಬಿಸಿಲಿಗೆ ಕಾದ ತಗಡಿನ ಮೇಲೆ ಬಳಿದರೆ ರೋಲರ್‌ನ ಗುರುತು ಕೂಡಿಕೊಳ್ಳುವ ಮೊದಲೇ ಒಣಗುತ್ತದೆ. ನಮ್ಮ ಕಡೆ ಬಿಸಿಲಿನ ಜೊತೆಗೆ ಕೆಂಪು ಧೂಳೂ ಉಂಟಲ್ಲ! ಬೆಳಗಿನ ಹೊತ್ತು, ನೆರಳಲ್ಲಿ, ಅಂಗಳಕ್ಕೆ ಚಳೆ ಹೊಡೆದು ಕೆಲಸ ಹಿಡಿಯುವುದು ಲೇಸು. ಪ್ರತಿ ಕೋಟಿಗೂ ಒಂದು ದಿನ ಬಿಟ್ಟು, ನಡುನಡುವೆ ವಾಟರ್ ಪೇಪರಿನಿಂದ ಉಜ್ಜಬೇಕು. ಶೋರೂಮಿನ ಮಿರುಗು ಬರುವುದಿಲ್ಲ. ಹೊಸ ಕಾರಿಗೆ ಈ ಸಾಹಸ ಬೇಡವೇ ಬೇಡ. ತುಕ್ಕು ತಿನ್ನುತ್ತಿರುವ, ಅದರಿಂದಲೇ ಹೊಟ್ಟೆ ಹೊರೆಯಬೇಕಾದ ಹಳೆಯ ಗಾಡಿಗೆ ಇದು ಸಾಕು.

ನನಗೆ ಚಿಂತೆ ಇರುವುದು ಹೊಸ ಬಣ್ಣದ್ದಲ್ಲ, ಕೆರೆದು ತೆಗೆಯುವ ಹಳೆಯದ್ದು. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣಗಿದ್ದನ್ನು ಹಾಗೇ ಉಜ್ಜಿದರೆ ಆ ಪುಡಿ ಹಾರಿ ಅಂಗಳದ ಮಣ್ಣಿಗೆ, ಅಲ್ಲಿಂದ ಆಡುವ ಮಕ್ಕಳ ಕೈಗೆ, ಬಾಯಿಗೆ ಸೇರುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಆದ್ದರಿಂದ ನೀರು ಹಚ್ಚಿಯೇ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ತಾಡಪಾಲು ಹಾಸಿ ಬಿದ್ದದ್ದನ್ನು ಒಟ್ಟುಮಾಡಿ. ಕೆಲಸ ಮುಗಿಯುವವರೆಗೆ ಮಕ್ಕಳನ್ನು ಅತ್ತ ಬಿಡಬೇಡಿ. ಗ್ಯಾರೇಜಿನವರು ಹಾರ್ಡ್‌ನರ್ ಬೆರೆಸಿ ಬಳಸುವ ಬಣ್ಣವಂತೂ ಮನೆಗೆ ಬೇಡ. ಅದರಲ್ಲಿನ ಐಸೊಸೈನೇಟ್ ಉಬ್ಬಸ ತರುವಂಥದ್ದು.

ಇನ್ನೊಂದು ಮಾತು. ಗಾಡಿಯ ಬಣ್ಣ ಆರ್‌ಸಿಯಲ್ಲೂ ದಾಖಲಾಗಿರುತ್ತದೆ. ಬಿಳಿ ಕಾರನ್ನು ನೀಲಿ ಮಾಡುವ ಮನಸ್ಸಿದ್ದರೆ ಡಬ್ಬಿ ತೆರೆಯುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ.